ಬಟ್ಟೆ ಬದಲಿಸುವ ಹೊತ್ತು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಗುರುಗಳು ಮಂತ್ರಕ್ಕಿಂತ ಮೊದಲು ಈಜು ಕಲಿಸುತ್ತಿದ್ದರು.

ಈಜು, ಸೈಕಲ್ಲು, ಓಟ. ಒಂದು ಮುಗಿದ ಕೂಡಲೇ ಇನ್ನೊಂದು. ಪಟ್ಟಣದವರು ಇದನ್ನು ಟ್ರಯಾಥ್ಲಾನ್ ಎನ್ನುತ್ತಾರೆ, ಅನುಕೂಲಸ್ಥರ ಆಟ ಎಂದುಕೊಂಡಿದ್ದಾರೆ. ಗುರುಗಳು ಹಳೆಯ ಸೈಕಲ್ಲುಗಳನ್ನು ತಾವೇ ರಿಪೇರಿ ಮಾಡಿ, ಸುತ್ತಲಿನ ಊರುಗಳ ಬಿಪಿ, ಶುಗರಿನವರನ್ನೆಲ್ಲ ಬೆಳಿಗ್ಗೆ ಬರಹೇಳಿದ್ದರು.

ಕಲಿಸುವ ಹೊಣೆ ಶಿಷ್ಯ ಚಿದಂಬರನದು.

ಒಂದು ದಿನ ಅವನು ಬಂದು ಹೇಳಿದ: “ಗುರುಗಳೇ, ಪುಟ್ಟಲಿಂಗಮ್ಮನವರನ್ನ ಬಿಟ್ಟುಬಿಡೋಣ.”

ಪುಟ್ಟಲಿಂಗಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಸಕ್ಕರೆ ಕಾಯಿಲೆಯಿಂದ ಆಕೆಯ ಅಕ್ಕನಿಗೆ ಒಂದು ಪಾದವನ್ನೇ ತೆಗೆಯಬೇಕಾಗಿತ್ತು. ಈಗ ಈಕೆಯ ಕಾಲೂ ಜೋಮು ಹಿಡಿಯತೊಡಗಿತ್ತು. ಹೀಗೇ ಬಿಟ್ಟರೆ ನಿಮಗೂ ಅದೇ ಆಗುತ್ತದೆ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು.

“ಈಜಕ್ಕೆ ಬರಲ್ವಾ?” ಗುರುಗಳು ಕೇಳಿದರು.

“ಚೆನ್ನಾಗೇ ಬರುತ್ತೆ. ಚಿಕ್ಕಂದಿನಲ್ಲಿ ಇದೇ ಹೊಳೇಲಿ ಈಜಿದವರು. ಮೊದಲ ದಿನ ಮಗಳ ಚೂಡಿದಾರ ಹಾಕ್ಕೊಂಡು ಬಂದ್ರು, ಈಜಿದ್ರು. ಸೈಕಲ್ ಹತ್ತಿ ಅಂದ್ರೆ ಹತ್ತಲಿಲ್ಲ. ಆಮೇಲೆ ಬರಲೇ ಇಲ್ಲ. ಸೋಮಾರಿತನ.”

“ಮನೆಗೆ ಹೇಗೆ ಹೋದಳು?”

“ಓಡಿಹೋದ್ರು. ಓಡು ಅಂತ ಹೇಳಿದ್ರೆ ಯಾರೂ ಅಷ್ಟು ಜೋರಾಗಿ ಓಡಲ್ಲ.”

“ರಸ್ತೇಲಾ?”

“ಇಲ್ಲ. ಕಬ್ಬಿನ ಗದ್ದೆ ಹಿಂದಿನಿಂದ.”



ಮರುದಿನ ಚಿದಂಬರ ಈಜಿ ದಡಕ್ಕೆ ಬಂದಾಗ ಗುರುಗಳು ಅವನ ಒಣಬಟ್ಟೆಯ ಮೇಲೆ ಕೂತಿದ್ದರು. ಅವನ ಸೊಂಟದಲ್ಲಿ ಇದ್ದದ್ದು ಒದ್ದೆಯಾಗಿ ಮೈಗಂಟಿದ ಒಂದು ತೆಳುವಾದ ಪಂಚೆ.

“ಬಸ್‌ಸ್ಟಾಪಿನ ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ತಗೊಂಬಾ.”

“ಬಟ್ಟೆ ಕೊಡಿ, ಹಾಕ್ಕೊಂಡು ಹೋಗ್ತೀನಿ.”

“ಹಾಗೇ ಹೋಗು. ಹೊತ್ತು ಹಾಳುಮಾಡೋದು ನಿನಗೆ ಆಗಿಬರಲ್ಲವಲ್ಲ.”

ಚಿದಂಬರ ಹೋದ. ಬರುವಾಗ ಕಬ್ಬಿನ ಗದ್ದೆಯ ಹಿಂದಿನಿಂದ ಬಂದ. ಕೈ ಖಾಲಿ.

“ಬೆಂಕಿಪೊಟ್ಟಣ ಎಲ್ಲಿ?”

“ಬಸ್‌ಸ್ಟಾಪಿನಲ್ಲಿ ಕಾಲೇಜು ಹುಡುಗೀರು ನಿಂತಿದ್ರು.”

“ಅವರು ತಡೆದರಾ?”

“ಇಲ್ಲ.”

“ಮತ್ತೆ?”

ಚಿದಂಬರ ಒದ್ದೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ಸೋಮಾರಿತನ ಇರಬೇಕು,” ಎಂದರು ಗುರುಗಳು. ಎದ್ದು ಬಟ್ಟೆ ಕೊಟ್ಟರು.

ಅವನು ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಅವರು ತಮ್ಮ ಗುಡಿಸಲಿನ ತೆಂಗಿನ ಗರಿಯ ತಟ್ಟಿಗಳ ಕಟ್ಟು ಬಿಚ್ಚುತ್ತಿದ್ದರು.

“ಇದು ನಿಮ್ಮ ಗೋಡೆ, ಗುರುಗಳೇ. ಮರೆಗೆ ಪಟ್ಟಣದಿಂದ ಪರದೆ ತರಿಸೋಣ. ಮುಂದಿನ ವಾರ ಬಂದುಬಿಡುತ್ತೆ.”

“ಆಕೆ ಕಾಲಿಗೆ ಮುಂದಿನ ವಾರದವರೆಗೂ ಇರು ಅಂತ ಹೇಳಿ ಬರ್ತೀಯಾ?”

ಚಿದಂಬರ ಇನ್ನೊಂದು ತುದಿ ಹಿಡಿದ.

ಇಬ್ಬರೂ ತಟ್ಟಿಗಳನ್ನು ಹೊತ್ತು ತಂದು, ನೀರಿನ ಅಂಚಿಗೇ ಬೊಂಬು ನೆಟ್ಟು, ಸುತ್ತ ಕಟ್ಟಿದರು. ಒಳಗೆ ಬಟ್ಟೆ ಹಾಕಲು ಒಂದು ಹಗ್ಗ, ಕೂರಲು ಒಂದು ಕಲ್ಲು.

ಶಾಲೆ ಬಿಡುವ ಹೊತ್ತಿಗೆ ಚಿದಂಬರ ಪುಟ್ಟಲಿಂಗಮ್ಮನನ್ನು ಹುಡುಕಿಕೊಂಡು ಹೋದ. ಆಕೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು.

“ಅಕ್ಕಾ, ನಾಳೆಯಿಂದ ಬನ್ನಿ. ಬಟ್ಟೆ ಬದಲಿಸೋಕೆ ಮರೆ ಕಟ್ಟಿದ್ದೀವಿ.”

ಆಕೆ ತಲೆ ಎತ್ತಲಿಲ್ಲ. “ಎಷ್ಟು ಎತ್ತರ?”

ಅವನು ತನ್ನ ತಲೆಯ ಮೇಲೆ ಕೈಯಿಟ್ಟು ತೋರಿಸಿದ.

“ಹೊಳೆ ಮೇಲಿನ ಸೇತುವೆ ಎಷ್ಟು ಎತ್ತರ ಐತೆ ನೋಡಿದ್ದೀಯಾ, ತಮ್ಮಾ?”

ಅವನು ನೋಡಿದ್ದ. ದಿನಾ ನೋಡುತ್ತಿದ್ದ. ಸೇತುವೆಯ ಕಟ್ಟೆಗೆ ಒರಗಿ, ಕೆಳಗೆ ನೋಡುತ್ತ ಬೀಡಿ ಸೇದುವವರನ್ನೂ ನೋಡಿದ್ದ.

“ಈಜೋದು ನಂಗೂ ಇಷ್ಟವೇ,” ಎಂದಳು ಆಕೆ. “ನೀರಲ್ಲಿದ್ದಷ್ಟು ಹೊತ್ತು ಮಂಡಿ ನೋವು ಗೊತ್ತಾಗಲ್ಲ. ಮೇಲೆ ಬಂದ ಮೇಲಲ್ವಾ ಕಷ್ಟ.”

ಅವನು ಮರಳಿ ಗುರುಗಳಿಗೆ ಹೇಳಿದ. ಗುರುಗಳು ಕತ್ತೆತ್ತಿ ಸೇತುವೆಯ ಕಡೆ ನೋಡಿದರು.

“ನನಗೂ ಹೊಳೀಲಿಲ್ಲ ನೋಡು,” ಎಂದರು.

ಆಮೇಲೆ ಒಳಗೆ ಹೋಗಿ ತಾವು ಮಲಗುವ ಚಾಪೆಯನ್ನು ತಂದು ಮರೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಹುರಿ ಬಿಗಿದರು.

ಬೆಳಿಗ್ಗೆ ಪುಟ್ಟಲಿಂಗಮ್ಮ ಬಂದಳು. ಮೊದಲು ಒಳಗೆ ಹೋಗಿ ಮೇಲೆ ನೋಡಿದಳು, ತಟ್ಟಿಯ ಸಂದುಗಳಿಗೆ ಕಣ್ಣಿಟ್ಟು ನೋಡಿದಳು. ಒಂದು ಕಡೆ ಸಂದು ಅಗಲವಾಗಿತ್ತು. ಅಲ್ಲಿಗೆ ತನ್ನ ಟವೆಲ್ಲು ತೂಗುಹಾಕಿದಳು. ಆಮೇಲೆ ನೀರಿಗಿಳಿದಳು.

ಆಕೆಯ ಹಿಂದೆ, ಇದುವರೆಗೆ ದಡದಲ್ಲೇ ಬಟ್ಟೆ ಒಗೆಯುತ್ತ ನೋಡುತ್ತಿದ್ದ ಇಬ್ಬರು ಹೆಂಗಸರೂ ಇಳಿದರು.

ಪುಟ್ಟಲಿಂಗಮ್ಮ ಈಜಿ ಬಂದು ಮರೆಯೊಳಗೆ ಹೋದಳು. ಕೈಯಲ್ಲಿ ಗಡಿಯಾರ ಹಿಡಿದು ಚಿದಂಬರ ಕಾದ. ಕಾಯುತ್ತಲೇ ಇದ್ದ. ಒಳಗೆ ಬಳೆಯ ಸದ್ದಾಗುತ್ತಿತ್ತು. ಕಡೆಗೆ ಆಕೆ ಒಣಬಟ್ಟೆ ತೊಟ್ಟು, ತಲೆ ಒರೆಸಿಕೊಂಡು ಹೊರಗೆ ಬಂದು ಸೈಕಲ್ಲು ಹಿಡಿದಳು. ಮೊದಲು ಸ್ವಲ್ಪ ವಾಲಿದಳು, ಆಮೇಲೆ ನೇರವಾಗಿ ಹೋದಳು. ರಸ್ತೆಯಲ್ಲೇ ಹೋದಳು.

ಚಿದಂಬರ ಗಡಿಯಾರ ನೋಡಿದ.

“ಗುರುಗಳೇ, ಬಟ್ಟೆ ಬದಲಿಸೋ ಹೊತ್ತನ್ನೂ ಲೆಕ್ಕಕ್ಕೆ ಹಿಡೀಬೇಕು ಅಂತ ಈ ಆಟದಲ್ಲಿ ನಿಯಮ ಇದೆ. ಹಿಡೀಲಾ?”

“ನಿಯಮ ಇದ್ದರೆ ಹಿಡಿಯಲೇಬೇಕು. ಆಕೆ ಗದ್ದೆ ಹಿಂದಿನಿಂದ ಓಡಿಹೋದ ದಿನದಿಂದ ಹಿಡಿ. ಅಷ್ಟೂ ನಮ್ಮಿಬ್ಬರ ಹೆಸರಿಗೆ.”