ಮಡಿ ಪಂಚೆಯ ಲಂಗೋಟಿ

"ಗುರುಗಳೇ, ಮನಸ್ಸು ಹೊಲಸಾಗಿರುವಾಗ ದೇವರನ್ನು ಕರೆಯಬಹುದೇ?"

ಪುಂಡಲೀಕ ಈ ಪ್ರಶ್ನೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಪೂಜೆಗೆ ತುಳಸಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, "ಯಾಕಪ್ಪ, ಏನಾಯಿತು?" ಎಂದರು.

ಪುಂಡಲೀಕ ತಲೆ ತಗ್ಗಿಸಿ ಹೇಳಿದ. ಮಠದ ಅಡುಗೆಯವರ ಮೇಲೆ ರೇಗಿ ಆಡಬಾರದ ಮಾತು ಆಡಿದ್ದ. ಅವರು ವಯಸ್ಸಾದವರು, ಕಣ್ಣೀರು ಹಾಕಿಕೊಂಡಿದ್ದರು. ಕ್ಷಮೆ ಕೇಳಿದ್ದೂ ಆಯಿತು, ಅವರು ಮರೆತದ್ದೂ ಆಯಿತು. ಆದರೆ ಅಂದಿನಿಂದ ಪುಂಡಲೀಕ ಜಪಕ್ಕೆ ಕೂತಿರಲಿಲ್ಲ. ಜಪಮಾಲೆ ಗೂಟದಲ್ಲೇ ತೂಗುತ್ತಿತ್ತು.

"ಇಂಥ ಬಾಯಲ್ಲಿ ಅವನ ಹೆಸರು ಹೇಗೆ ಹೇಳಲಿ? ಮೊದಲು ಮನಸ್ಸು ತೊಳೆದುಕೊಳ್ಳುತ್ತೇನೆ. ಶುದ್ಧವಾದ ಮೇಲೆ ಅವನೆದುರು ಕೂರುತ್ತೇನೆ. ಇದು ಸರಿಯೇ, ಗುರುಗಳೇ?"

ಗುರುಗಳು ತುಳಸಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಅವರಿಗೆ ಏನೋ ನೆನಪಾಗಿ ನಗು ಬಂತು.

"ಕೂತುಕೋ" ಎಂದು ಕತೆ ಹೇಳತೊಡಗಿದರು.

ಬೆಲ್ಲ ಮಾರುವ ಒಬ್ಬ ವ್ಯಾಪಾರಿ. ಮಾತಿನಲ್ಲಿ ಅವನ ಸರಕಿನಷ್ಟೇ ಸಿಹಿ, ಮಡಿಯಲ್ಲಿ ಮಾತ್ರ ಮೆಣಸಿನಕಾಯಿ. ಹಳೆಯ ಕಾಲದವನಲ್ಲ, ಈಗಿನವನೇ. ಆದರೂ ಬೆಳಗ್ಗೆ ಬಾವಿಕಟ್ಟೆಯಲ್ಲಿ ಮಿಂದ ಮೇಲೆ ಪೂಜೆ ಮುಗಿಯುವ ತನಕ ಅವನಿಗೆ ಮೌನ. ಮಂತ್ರವಲ್ಲದೆ ಬೇರೆ ಮಾತು ಬಾಯಿಂದ ಬರುವಂತಿಲ್ಲ. ಉಡುವ ಪಂಚೆಯನ್ನು ಹಿಂದಿನ ದಿನವೇ ತಾನೇ ಒಗೆದು, ಯಾರ ಕೈಗೂ ತಾಗದಂತೆ ನಡುಮನೆಯ ಎತ್ತರದ ಗಳುವಿನ ಮೇಲೆ ಹರವುತ್ತಿದ್ದ. ಏರಿಸಲೂ ಇಳಿಸಲೂ ಒಂದು ಕೋಲು. ಆ ಪಂಚೆಯನ್ನು ಹೆಂಡತಿಯೂ ಮುಟ್ಟುತ್ತಿರಲಿಲ್ಲ.

ದೇವರ ಮನೆಯಲ್ಲಿ ಅಂಗೈಯಗಲದ ಒಂದು ಅಂಬೆಗಾಲು ಕೃಷ್ಣ. ಅಭಿಷೇಕ ಮಾಡಿ, ಮೆತ್ತನೆಯ ಹತ್ತಿಯ ವಸ್ತ್ರದಿಂದ ಒರೆಸುವಾಗ ವ್ಯಾಪಾರಿ ಉಸಿರನ್ನು ಕೂಡ ಮೆಲ್ಲಗೆ ಬಿಡುತ್ತಿದ್ದ. ಬೆರಳಿನ ಸಂದಿಯಲ್ಲೂ ನೀರು ನಿಲ್ಲಗೊಡುತ್ತಿರಲಿಲ್ಲ. ಮಗುವಿಗೆ ಶೀತವಾದೀತು ಎಂಬ ಕಾಳಜಿ.

ಬಹಳ ಕಾಲ ಅವನ ಮನೆಯಲ್ಲಿ ಕೃಷ್ಣನೊಬ್ಬನೇ ಮಗು. ಗಂಡ ಹೆಂಡತಿ ಹೊರದ ಹರಕೆಯಿಲ್ಲ. ಕೊನೆಗೆ ಭಗವಂತ ಕಣ್ಣು ತೆರೆದ, ಗಂಡುಮಗು ಹುಟ್ಟಿತು. ವ್ಯಾಪಾರಿ ಊರಿಗೆಲ್ಲ ಬೆಲ್ಲ ಹಂಚಿದ. ಆದರೆ ಆ ಸಂತೋಷದ ಬೆನ್ನಿಗೇ ಒಂದು ಭಯ ಬಂದು ಕೂತಿತು. ಕೊಟ್ಟವನ ಪೂಜೆಯಲ್ಲಿ ಎಳ್ಳಷ್ಟು ಲೋಪವಾದರೂ ಮಗುವಿಗೆ ಏನಾದರೂ ಆದೀತು ಎಂಬ ಭಯ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಮಡಿಯನ್ನು ಇನ್ನಷ್ಟು ಬಿಗಿ ಮಾಡಿದ.

ಬಾಣಂತನ ಮುಗಿಸಿ ಹೆಂಡತಿ ಮಗುವಿನೊಡನೆ ಬಂದಳು. ಕಾಲಕ್ಕೆ ತಕ್ಕಂತೆ ಮಗುವಿಗೆ ಡೈಪರ್ ಕಟ್ಟುತ್ತಿದ್ದಳು. ಕೊಳೆಯಾದರೆ ಬಿಚ್ಚಿ ಎಸೆದರಾಯಿತು. ವ್ಯಾಪಾರಿಗೂ ಇದು ಬಲು ಹಿಡಿಸಿತು. ನೆಲ ಒದ್ದೆಯಿಲ್ಲ, ತೊಡೆ ಒದ್ದೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪೂಜೆಯ ಹೊತ್ತಿನಲ್ಲಿ ತೊಟ್ಟಿಲಿಂದ ಒಂದು ಕುಯ್ ಎಂಬ ಸದ್ದಿಲ್ಲ.

"ನಮ್ಮ ಮಗ ಯೋಗಿ ಕಣ್ರೀ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. "ಅಳೋದು ಅಂದರೆ ಏನು ಅಂತಲೇ ಅವನಿಗೆ ಗೊತ್ತಿಲ್ಲ."

ಹೀಗಿರುವಾಗ ಅವನ ಸೋದರತ್ತೆ ಮಗುವನ್ನು ನೋಡಲು ಬಂದಳು. ಹತ್ತಾರು ಮಕ್ಕಳಿಗೆ ನೀರೆರೆದ ಕೈ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಡೈಪರ್ ಬಿಚ್ಚಿದವಳು ಹೌಹಾರಿದಳು. ತೊಡೆಯ ಸಂದಿಯೆಲ್ಲ ಕೆಂಡದಂತೆ ಕೆಂಪಾಗಿ ಗುಳ್ಳೆ ಎದ್ದಿತ್ತು.

"ಏನೇ ಇದು? ಮಗೂಗೆ ಕೋತಿ ಕುಂಡಿ ಮಾಡಿ ಇಟ್ಟಿದೀಯ?"

"ಉಷ್ಣ ಅಂದುಕೊಂಡೆ ಅಮ್ಮ" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

"ಆದರೆ ಅವನು ಅಳಲೇ ಇಲ್ವಲ್ಲ ಅತ್ತೆ" ಎಂದ ವ್ಯಾಪಾರಿ.

"ಹೇಗೆ ಅಳ್ತಾನೋ? ಒದ್ದೆ ಆಗಿದೆ ಅಂತ ಗೊತ್ತಾದರೆ ತಾನೆ ಅಳೋದು? ಆ ಕಟ್ಟು ಎಲ್ಲ ಹೀರಿಕೊಂಡು ಮೇಲೆ ಒಣಗಿದ ಹಾಗೆ ಮಾಡತ್ತೆ. ಒಳಗೆ ಮೈ ಬೇಯ್ತಾ ಇರತ್ತೆ. ಅಪ್ಪನಿಗೆ ಯೋಗಿಯಂತೆ, ಯೋಗಿ!" ಎಂದು ಅತ್ತೆ ಅವನನ್ನು ಅಣಕಿಸಿದಳು. ಹುಣ್ಣಿಗೆ ಕೊಬ್ಬರಿ ಎಣ್ಣೆ ಸವರುತ್ತ ಮತ್ತೆ ಹೇಳಿದಳು: "ಒದ್ದೆ ಆದ ಕೂಡಲೇ ಅವನಿಗೆ ಗೊತ್ತಾಗಬೇಕು. ಗೊತ್ತಾದರೆ ಕರೀತಾನೆ. ಕರೆದರೆ ನೀವು ಹೋಗಬೇಕು. ಮಗು ಸಾಕೋದು ಅಂದರೆ ಇಷ್ಟೇ ಕಣೋ."

ತನ್ನ ಪೆಟ್ಟಿಗೆಯಿಂದ ಉಟ್ಟುಟ್ಟು ಮೆತ್ತಗಾದ ಒಂದು ಸೀರೆ ತೆಗೆದು, ಚರಚರ ಹರಿದು, ಚೌಕದ ತುಂಡನ್ನು ಮೂರು ಮೂಲೆ ಮಾಡಿ ಲಂಗೋಟಿ ಕಟ್ಟುವುದನ್ನು ಹೆಂಡತಿಗೆ ಕಲಿಸಿಕೊಟ್ಟಳು. ಒಂದಷ್ಟು ದಿನ ಇದ್ದು ತನ್ನೂರಿಗೆ ಹೋದಳು.

ಅಲ್ಲಿಂದ ಆ ಮನೆಯ ಚೆಲುವೇ ಬೇರೆಯಾಯಿತು. ಅಂಗಳದಲ್ಲಿ, ಪಡಸಾಲೆಯಲ್ಲಿ, ಕಿಟಕಿಯ ಸರಳಿನಲ್ಲಿ, ಎಲ್ಲೆಲ್ಲೂ ಲಂಗೋಟಿಯ ತೋರಣ. ಯೋಗಿಗೆ ಗಂಟಲು ಬಂತು. ಒದ್ದೆಯಾದರೆ ಒಂದು ರಾಗ, ಹಸಿದರೆ ಒಂದು ರಾಗ. ತಾಯಿ ಓಡಿ ಬಂದು ಬಟ್ಟೆ ಬಿಚ್ಚಿದಳೋ, ಎರಡೂ ಕಾಲು ಮೇಲೆತ್ತಿ ಕೇಕೆ. ಹುಣ್ಣು ಆರಿತು, ತೊಡೆ ತುಂಬಿತು. "ಈಗ ನನ್ನ ಮಗ ನನ್ನ ಜೊತೆ ಮಾತಾಡ್ತಾನೆ ರೀ" ಎಂದು ಹೆಂಡತಿ ಹಿಗ್ಗುತ್ತಿದ್ದಳು.

ಸಂಜೆಯಾದರೆ ವ್ಯಾಪಾರಿಯೂ ಹಿಗ್ಗುತ್ತಿದ್ದ. ಬೆಳಗ್ಗೆ ಮಾತ್ರ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಮಂತ್ರ ಅರ್ಧಕ್ಕೆ ಬಂದಿರುವಾಗ ತೊಟ್ಟಿಲಿನಿಂದ ಕೂಗು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಡಕಾಡಬೇಕು. ಹೂ ಏರಿಸುವಲ್ಲಿ ಗಂಧ, ಗಂಧ ಹಚ್ಚುವಲ್ಲಿ ಹೂ. ಕೃಷ್ಣ ಏನೆಂದುಕೊಂಡನೋ, ಇದರ ಫಲ ಮಗುವಿಗೆ ತಟ್ಟಿದರೆ ಏನು ಗತಿ ಎಂದು ಹಳೆಯ ಭಯ ಹೆಡೆಯೆತ್ತಿತು.

ಶ್ರಾವಣ ಬಂತು. ಏಕಾದಶಿಯ ಸಂಜೆ ಅವನು ಒಂದು ಡೈಪರ್ ಕಟ್ಟು ತಂದು ತೊಟ್ಟಿಲ ಪಕ್ಕದ ಗೂಡಿನಲ್ಲಿಟ್ಟ.

"ನಾಳೆ ದ್ವಾದಶಿ. ಪೂಜೆಯಲ್ಲಿ ಲೋಪ ಆಗಬಾರದು. ನಾಳೆಯಿಂದ ಪೂಜೆ ಹೊತ್ತಿಗೆ ಇದನ್ನೇ ಕಟ್ಟು."

"ಈಗ ತಾನೆ ಹುಣ್ಣು ಆರಿದೆ ರೀ. ಮತ್ತೆ ಬಾಯಿ ಮುಚ್ಚಿಸೋದಾ ಅವನಿಗೆ?"

"ಅವನ ಒಳ್ಳೆಯದಕ್ಕೇ ಕಣೇ. ನಿನಗೆ ಗೊತ್ತಾಗಲ್ಲ."

ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ವ್ಯಾಪಾರಿ ಬಾವಿಕಟ್ಟೆಯಲ್ಲಿ ಮಿಂದ. ಮೋಡ ಕವಿದು ಗಾಳಿ ಕೊರೆಯುತ್ತಿತ್ತು. ಉಪವಾಸದ ಮೈ ನಡುಗುತ್ತಿತ್ತು. ಸುತ್ತಿಕೊಂಡ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತ ಒಳಗೆ ಬಂದು, ಕೋಲು ಹಿಡಿದು ಗಳುವಿನತ್ತ ಚಾಚಿದ.

ಗಳು ಬರಿದಾಗಿತ್ತು.

ಕೋಲನ್ನು ಈ ತುದಿಯಿಂದ ಆ ತುದಿಗೆ ಆಡಿಸಿದ. ನೆಲ ನೋಡಿದ. ಮೌನದಲ್ಲಿದ್ದಾನಲ್ಲ, ಕೂಗುವಂತಿಲ್ಲ. ಗಂಟಲಿನಲ್ಲೇ "ಹ್ಞೂಂ? ಹ್ಞೂಂ?" ಎಂದ.

ಹೆಂಡತಿ ಬಾಗಿಲ ಬಳಿ ಬಂದು ತೊಟ್ಟಿಲ ಕಡೆ ಬೆರಳು ತೋರಿಸಿದಳು. ಮಗು ಅವನ ಮಡಿ ಪಂಚೆಯಲ್ಲಿ ಕತ್ತಿನವರೆಗೆ ಹೂತುಹೋಗಿ, ಯಾವುದೋ ಮಠದ ಮರಿಸ್ವಾಮಿಯ ಹಾಗೆ ಗಂಭೀರವಾಗಿ ಮಲಗಿತ್ತು.

"ಬಿಸಿಲೇ ಇಲ್ಲ. ಒಂದು ಲಂಗೋಟಿಯೂ ಒಣಗಿಲ್ಲ. ಮನೇಲಿ ಒಣಗಿದ್ದು ಅಂತ ಅದೊಂದೇ ಇತ್ತು" ಎಂದಳು. "ಹರಿದಿಲ್ಲ. ಮಡಿಸಿ ಸುತ್ತಿದ್ದೀನಿ ಅಷ್ಟೇ."

"ಹ್ಞೂಂ!" ಎಂದು ವ್ಯಾಪಾರಿ ಕೋಲಿನಿಂದ ಗೂಡಿನಲ್ಲಿದ್ದ ಡೈಪರ್ ಕಟ್ಟನ್ನು ತೋರಿಸಿದ.

"ಅದನ್ನು ನಾನು ಕಟ್ಟಲ್ಲ. ಬೈಯೋದಿದ್ದರೆ ಪೂಜೆ ಮುಗಿಸಿ ಬೈಯಿರಿ" ಎಂದು ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಬಾವಿಕಟ್ಟೆಗೆ ನಡೆದೇಬಿಟ್ಟಳು. ವ್ಯಾಪಾರಿ ಕೋಲು ಹಿಡಿದು ನಿಂತೇ ಇದ್ದ. ಬಾಯಿಗೆ ಬಂದ ಬೈಗುಳವೆಲ್ಲ ಗಂಟಲಿನಲ್ಲೇ ಉಳಿಯಿತು.

ಒದ್ದೆ ಬಟ್ಟೆಯೂ ಮಡಿಯೇ. ಅದರಲ್ಲೇ ಪೂಜೆಗೆ ಕೂತರೆ ಶಾಸ್ತ್ರದ ಅಡ್ಡಿಯಿಲ್ಲ. ವ್ಯಾಪಾರಿ ಕೂತ. ದೀಪ ಹಚ್ಚಿದ. ಸಂಕಲ್ಪ ಮಾಡಿದ. ಹಿತ್ತಲ ಬಾಗಿಲಿನಿಂದ ಗಾಳಿ ಬೀಸಿ ಬೆನ್ನಿಗೆ ತಾಗಿತು. ಒದ್ದೆ ಬಟ್ಟೆ ತೊಡೆಗೆ ಅಂಟಿಕೊಂಡಿತ್ತು. ಎಳೆದು ಬಿಡಿಸಿದರೆ ಮತ್ತೆ ಬಂದು ಅಂಟುತ್ತಿತ್ತು. ನಾಲಗೆ ಮಂತ್ರ ಹೇಳುತ್ತಿತ್ತು, ಮನಸ್ಸೆಲ್ಲ ಆ ಒದ್ದೆಯಲ್ಲಿತ್ತು. ಯಾರಾದರೂ ಬಂದು ಒಂದು ಒಣ ಬಟ್ಟೆ ಕೊಟ್ಟರೆ ಸಾಕಿತ್ತು. ಆದರೆ ಮೌನ. ಕೇಳಲು ಬಾಯಿಲ್ಲ.

ಅಭಿಷೇಕ ಮುಗಿಯಿತು. ಒರೆಸಲೆಂದು ಕೃಷ್ಣನ ವಸ್ತ್ರವನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ತೊಟ್ಟಿಲಿನಿಂದ ಕೂಗು ಬಂತು.

ಬಾವಿಕಟ್ಟೆಯಲ್ಲಿ ಹೆಂಡತಿ ಬಟ್ಟೆ ಕುಕ್ಕುವ ಸದ್ದು. ಅವಳಿಗೆ ಕೇಳಿಸಿರಲಿಲ್ಲ. ಕೂಗು ಏರಿತು.

ವ್ಯಾಪಾರಿಯ ಕೈ ನಿಂತಿತು. ಆ ಕೂಗನ್ನು ಅವನು ಎಷ್ಟೋ ಸಲ ಕೇಳಿದ್ದ. ಈಗ ಅದು ಅವನ ತೊಡೆಗೇ ತಾಗಿತು. ಒಂದು ಪೂಜೆಯ ಹೊತ್ತು ಒದ್ದೆಯಲ್ಲಿ ಕೂತದ್ದಕ್ಕೆ ನನಗೆ ಹೀಗಾಗುತ್ತಿದೆ. ಈ ಕೂಸು ಅಷ್ಟು ದಿನ ಕೊಳೆಯಲ್ಲಿ ಬೆಂದಿತು. ಹುಣ್ಣಾದರೂ ಒಂದು ಸಲ ಕರೆಯಲಿಲ್ಲ. ಅದನ್ನು ನೋಡಿ ನಾನು ಯೋಗಿ ಎಂದು ಊರಿಗೆಲ್ಲ ಸಾರಿದೆ. ಇವತ್ತು ಅವನು ಕರೆಯುತ್ತಿದ್ದಾನೆ, ಕರೆಯಲು ಕಲಿತಿದ್ದಾನೆ. ಆ ಬಾಯಿಗೆ ಮತ್ತೆ ಬಿರಡೆ ಹಾಕಹೊರಟಿದ್ದೇನಲ್ಲ!

"ಬಂದೆ ಕಣೋ! ಬಂದೆ ನನ್ನಪ್ಪ, ಬಂದೆ!"

ಮೌನ ಮುರಿದದ್ದು ಅವನ ಗಮನಕ್ಕೇ ಬರಲಿಲ್ಲ. ಓಡಿ ಹೋಗಿ ಮಡಿ ಪಂಚೆ ಬಿಚ್ಚಿದ. ಪೂರ್ತಿ ನೆಂದಿತ್ತು. ಒರೆಸಲು ಏನೂ ಇಲ್ಲ ಎಂದು ಸುತ್ತ ನೋಡಿದರೆ, ಕೃಷ್ಣನ ವಸ್ತ್ರ ತನ್ನ ಕೈಯಲ್ಲೇ ಇದೆ. ಒಂದು ಗಳಿಗೆ ಅದನ್ನು ನೋಡಿದ. ಆಮೇಲೆ ಕೃಷ್ಣನನ್ನು ಒರೆಸುವ ಹಾಗೆಯೇ, ಉಸಿರನ್ನು ಮೆಲ್ಲಗೆ ಬಿಡುತ್ತ, ಬೆರಳಿನ ಸಂದಿಯಲ್ಲೂ ಹಸಿ ಉಳಿಯದಂತೆ ಮಗನನ್ನು ಒರೆಸಿದ. ಅದನ್ನೇ ಮೂರು ಮೂಲೆ ಮಾಡಿ ಕಟ್ಟಲು ನೋಡಿದ. ಗಂಟು ಹಾಕಲು ಬರಲಿಲ್ಲ. ಮಗು ಅವನ ತಿಣುಕಾಟ ನೋಡಿ ಕೇಕೆ ಹಾಕಿತು. ಹಾಕಿದ್ದೇ, ಅವನ ಎದೆಯ ಮೇಲೆ ಬೆಚ್ಚಗೆ ಒಂದು ಧಾರೆ ಬಿಟ್ಟಿತು. ವ್ಯಾಪಾರಿಯೂ ಗಟ್ಟಿಯಾಗಿ ನಕ್ಕ. ಆ ನಡುಗುವ ಚಳಿಯಲ್ಲಿ ಅವನ ಮೈಗೆ ತಾಗಿದ ಮೊದಲ ಬಿಸಿ ಅದು.

ಅಪ್ಪ ಮಗನ ನಗು ಕೇಳಿ ಹೆಂಡತಿ ಸೋಪಿನ ಕೈಯಲ್ಲೇ ಓಡಿ ಬಂದಳು. ನೋಡಿದರೆ, ಮಗುವಿನ ಸೊಂಟದಲ್ಲಿ ದೇವರ ವಸ್ತ್ರ ಜೋತಾಡುತ್ತಿದೆ. ಪೀಠದ ಮೇಲೆ ಕೃಷ್ಣ ನೀರು ತೊಟ್ಟಿಕ್ಕುತ್ತ ಕೂತಿದ್ದಾನೆ.

"ಅಯ್ಯಯ್ಯೋ, ದೇವರ ವಸ್ತ್ರ! ನಿಮ್ಮ ಮಡಿ! ಪೂಜೆ ಅರ್ಧಕ್ಕೇ ಬಿಟ್ರಾ?"

"ಎಲ್ಲಿ ಬಿಟ್ಟೆ? ಇಲ್ಲೇ ಮಾಡ್ತಾ ಇದೀನಲ್ಲ" ಎಂದ ವ್ಯಾಪಾರಿ. ಅವನ ಕಣ್ಣಿನಿಂದ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನಿನ್ನ ಸೆರಗು ಒಣಗಿದೆಯಾ? ಹೋಗಿ ಕೃಷ್ಣನನ್ನು ಒರೆಸು. ಆಮೇಲೆ ಬಂದು ಈ ಗಂಟು ಹೇಗೆ ಹಾಕೋದು ಹೇಳಿಕೊಡು."

ಅಂದು ಪಾರಣೆ ತಡವಾಯಿತು. ಕೃಷ್ಣ ಮುನಿಯಲಿಲ್ಲ. ಡೈಪರ್ ಕಟ್ಟು ಗೂಡಿನಿಂದ ಕೆಳಗಿಳಿಯಲಿಲ್ಲ. ವ್ಯಾಪಾರಿ ಈಗಲೂ ಮಡಿಯುಟ್ಟೇ ಪೂಜೆಗೆ ಕೂರುತ್ತಾನೆ. ತೊಟ್ಟಿಲಿನಿಂದ ಕೂಗು ಬಂದರೆ ಕೃಷ್ಣನಿಗೆ ಕೈಮುಗಿದು, "ಬಂದೆ ಸ್ವಾಮಿ" ಎಂದು ಎದ್ದು ಹೋಗುತ್ತಾನೆ. ಎದೆಯಲ್ಲಿ ಕೂತಿದ್ದ ಭಯ ಯಾವಾಗ ಎದ್ದು ಹೋಯಿತೋ ಅವನಿಗೂ ತಿಳಿಯದು.

ಗುರುಗಳು ಕತೆ ನಿಲ್ಲಿಸಿದರು. ಪುಂಡಲೀಕ ಬಹಳ ದಿನಗಳ ಮೇಲೆ ಮನಸಾರೆ ನಕ್ಕಿದ್ದ. ಕಣ್ಣೊರೆಸಿಕೊಂಡು ಹೇಳಿದ:

"ವ್ಯಾಪಾರಿಗೆ ಬುದ್ಧಿ ಬಂತು, ಒಳ್ಳೆಯದೇ ಆಯಿತು. ಆದರೆ ಗುರುಗಳೇ, ನಾನು ಕೇಳಿದ್ದು ನನ್ನ ಮನಸ್ಸಿನ ಹೊಲಸಿನ ಮಾತು. ಅದನ್ನು ತೊಳೆದುಕೊಳ್ಳದೆ ಅವನನ್ನು ಹೇಗೆ ಕರೆಯಲಿ?"

ಗುರುಗಳು ತುಳಸಿಯ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ಆ ಮಗು ತಾನೇ ತೊಳೆದುಕೊಂಡು ಆಮೇಲೆ ಅಪ್ಪನನ್ನು ಕರೆಯಿತೇ, ಪುಂಡಲೀಕ?"

ಪುಂಡಲೀಕ ಎದ್ದು ಹೋಗಿ ಗೂಟದಲ್ಲಿದ್ದ ಜಪಮಾಲೆಯನ್ನು ಕೈಗೆ ತೆಗೆದುಕೊಂಡ.