ಕರೆಗಲ್ಲು ಬೆಟ್ಟದ ಮುಗಿಯದ ಮೆಟ್ಟಿಲು

ಸಕಲ ಚರಾಚರಗಳನ್ನು ವಾಕ್ಯಮಾತ್ರದಿಂದ ಸೃಷ್ಟಿಸಿದ ಸರ್ವೇಶ್ವರನ ಮಹಿಮೆಯನ್ನು ಸ್ಮರಿಸಿ, ಏದುಸಿರು ಬಿಡುತ್ತ ಹತ್ತಿ ಬಂದ ಭಕ್ತಾದಿಗಳು ನೆರಳಿನಲ್ಲಿ ಕುಳಿತು ಓದತಕ್ಕ ವೃತ್ತಾಂತವಿದು. ಪಾಳೆಯಗಾರರ ಕೋಟೆಗಳು ಪಾಳುಬಿದ್ದು, ರೈಲುಗಾಡಿಯ ಸದ್ದು ಇನ್ನೂ ಈ ಸೀಮೆಯಲ್ಲಿ ಕೇಳಿಬಾರದಿದ್ದ ಪೂರ್ವಕಾಲದಲ್ಲಿ, ಕರೆಗಲ್ಲು ಬೆಟ್ಟದ ತಪ್ಪಲಿನಲ್ಲಿ ಕ್ರಿಸ್ತಭಕ್ತರಾದ ಕಲ್ಲುಕುಟಿಗರ ಹತ್ತಾರು ಗುಡಿಸಲುಗಳಿದ್ದವು. ಅವರಲ್ಲಿ ಚೌರಪ್ಪನೆಂಬವನು ಹಸ್ತಕೌಶಲದಲ್ಲಿ ಅದ್ವಿತೀಯನಾಗಿದ್ದನು. ಹಟದಲ್ಲಿ ಅದಕ್ಕಿಂತಲೂ ಒಂದು ಕೈ ಮೇಲೆಯೇ ಇದ್ದನು.

ಅವನು ದೂರದ ಊರಿಗೆ ಕಲ್ಲು ಕಡಿಯಲು ಹೋಗಿದ್ದಾಗ, ಧರ್ಮಪತ್ನಿಯಾದ ಆರೋಗ್ಯಮ್ಮನು ಜ್ವರಪೀಡಿತಳಾಗಿ, ವರ್ಷಕ್ಕೊಮ್ಮೆ ಮಾತ್ರ ಬರುತ್ತಿದ್ದ ಗುರುಗಳಿಂದ ಮರಣಕಾಲದಲ್ಲಿ ಹೊಂದತಕ್ಕ ಪವಿತ್ರ ತೈಲಲೇಪನವಿಲ್ಲದೆ, ಗಂಡನ ಮುಖವನ್ನೂ ಕಾಣದೆ ಕಣ್ಣುಮುಚ್ಚಿದಳು. ಹಿಂದಿರುಗಿದವನಿಗೆ ದೊರೆತುದು ಮಣ್ಣಿನ ದಿಬ್ಬವೊಂದೇ. ಅವಳು ದೇವಸನ್ನಿಧಿಯನ್ನು ಸೇರಿದಳೋ, ದಾರಿಯಲ್ಲೆಲ್ಲೋ ಒಬ್ಬಳೇ ನಿಂತಿರುವಳೋ ಎಂಬ ಕೊರಗು ಅವನ ಅನ್ನನಿದ್ರೆಗಳನ್ನು ಕಸಿದುಕೊಂಡಿತು. ಈ ಬೆಟ್ಟದ ನೆತ್ತಿಯವರೆಗೆ ತಾನೊಬ್ಬನೇ ಮೆಟ್ಟಿಲು ಕಡಿದು, ಆ ಪರಿಶ್ರಮವನ್ನೇ ಕಾಣಿಕೆಯಾಗಿಟ್ಟು ಅವಳಿಗೆ ಸದ್ಗತಿಯನ್ನು ಬೇಡುವೆನೆಂದೂ, ಪರರ ಸಹಾಯವನ್ನು ಪಡೆದರೆ ವ್ರತಭಂಗವೆಂದೂ ಅವನು ಸಂಕಲ್ಪಿಸಿದನು.

ಬಂಡೆಯಲ್ಲಿ ಸಾಲಾಗಿ ಕುಳಿ ತೋಡಿ, ಒಣಮರದ ಬೆಣೆಗಳನ್ನು ಜಡಿದು, ಸಂಜೆ ನೀರೆರೆದು ಮನೆಗೆ ಹೋದರೆ, ಮರವು ನೆನೆದು ಉಬ್ಬಿ ಬೆಳಗಾಗುವಷ್ಟರಲ್ಲಿ ಕಲ್ಲು ಸೀಳಿರುವುದು ಕುಟಿಗರ ಸಂಪ್ರದಾಯ. ಚೌರಪ್ಪನು ಏಳು ವರ್ಷ ಹೀಗೆ ದುಡಿದನು. ನೀರನ್ನು ಕೆಳಗಿನ ಹೊಂಡದಿಂದ ತಾನೇ ಹೊತ್ತನು. ತಂಗಿ ಜ್ಞಾನಮ್ಮನು ಬಿಂದಿಗೆ ಹಿಡಿದು ಬಂದು, “ಅಣ್ಣಾ, ನೀರಾದ್ರೂ ನಾ ಹೊತ್ಕೊಡ್ತೀನಿ, ಬ್ಯಾಡ ಅನ್ಬ್ಯಾಡ” ಎಂದಾಗಲೆಲ್ಲ, “ನನ್ ಹೆಂಡ್ತಿಗೆ ನಾನೇ ಮಾಡ್ಬೇಕು ಕಣವ್ವಾ, ಹೋಗು” ಎಂದು ಕಳುಹಿಸಿಬಿಡುತ್ತಿದ್ದನು.

ನೆತ್ತಿಗೆ ಇನ್ನು ಇಪ್ಪತ್ತು ಅಡಿ ಉಳಿದಿರುವಾಗ ಹೆಬ್ಬಂಡೆಯೊಂದು ಅಡ್ಡ ನಿಂತಿತು. ಕುಳಿ ತೋಡಿದನು, ಬೆಣೆ ಜಡಿದನು. ನೀರು ಹೊತ್ತು ಬರುವಾಗ ಸವೆದ ಮೊಣಕಾಲು ಕೈಕೊಟ್ಟು ಕೊಡ ಉರುಳಿ ಚೂರಾಯಿತು. ಒಣಮರದ ಬೆಣೆ ಬಡಿದು ಬಂಡೆ ಒಡೆಯಲಾಗದೆಂಬುದು ಕುಟಿಗರ ಮನೆಯ ಕೂಸಿಗೂ ಗೊತ್ತು. ಗೊತ್ತಿದ್ದೂ ಚೌರಪ್ಪನು ಒಣ ಬೆಣೆಗಳ ಮೇಲೆಯೇ ಸುತ್ತಿಗೆ ಬೀಸಿದನು, ಮಣಿಕಟ್ಟು ಮುರಿಯುವವರೆಗೂ ಬೀಸಿದನು. ಬಳಿಕ ಬಂಡೆಗೆ ಹಣೆಯಿಟ್ಟು, “ಅಪ್ಪಾ, ನನ್ ಕೈಲಾಗ್ಲಿಲ್ಲ. ಅವ್ಳನ್ನ ನೀನೇ ನೋಡ್ಕೊ” ಎಂದು ಗೋಳಾಡಿದನು. ಏಳು ವರ್ಷಗಳಲ್ಲಿ ಅವನು ಮಾಡಿದ ಮೊದಲ ಪ್ರಾರ್ಥನೆ ಇದೇ.

ಆಗ ನಿರ್ಮೇಘವಾದ ನಡುಹಗಲಿನಲ್ಲಿ ದಿವ್ಯವಾಣಿಯೊಂದು ಕೇಳಿಬಂದಿತು: “ಮಗನೇ, ನೀರೆರೆದು ನೀನು ಮಲಗಿದಾಗಲೆಲ್ಲ ಕಲ್ಲನ್ನು ಸೀಳಿದವನು ನಾನಲ್ಲವೇ? ನಿನ್ನ ಆರೋಗ್ಯಮ್ಮನು ನನ್ನ ಬಳಿಗೆ ಬರಲು ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ನಾನೇ ಇಳಿದುಹೋಗಿ ಅವಳನ್ನು ಎತ್ತಿಕೊಂಡು ಬಂದೆನು.”

ವಾಣಿಯು ನಿಲ್ಲುತ್ತಿದ್ದಂತೆ ಕುಳಿಗಳ ಒಳಗಿನಿಂದ ನೀರು ಜಿನುಗಿತು, ಬೆಣೆಗಳು ಉಬ್ಬಿದವು, ಹೆಬ್ಬಂಡೆಯು ಮೇಲಿಂದ ಕೆಳಗಿನವರೆಗೆ ಸೀಳಿತು. ಸದ್ದು ಕೇಳಿ ಓಡಿ ಬಂದ ತಂಗಿಯನ್ನು ಕಂಡು, ಕೈಯೆತ್ತಲಾರದ ಚೌರಪ್ಪನು, “ಕುಡಿಸವ್ವಾ” ಎಂದನು. ಜ್ಞಾನಮ್ಮನು ಬೊಗಸೆಯಲ್ಲಿ ಹಿಡಿದು ಕುಡಿಸಿದಳು. ಮತ್ತೆ ಅವನು ಉಳಿ ಮುಟ್ಟಲಿಲ್ಲ.

ಭಕ್ತಾದಿಗಳೇ, ನಿಮ್ಮ ಮುಂದಿರುವುದು ಅದೇ ಬಂಡೆ, ಅದೇ ಒರತೆ. ಮೆಟ್ಟಿಲುಗಳು ಇಲ್ಲಿಗೇ ನಿಂತಿವೆ. ಉಳಿದುದನ್ನು ಸಿಮೆಂಟಿನಲ್ಲಿ ಕಟ್ಟಿಸಿಕೊಡುವೆವೆಂದು ಬಂದ ದಾನಿಗಳನ್ನು ಊರವರು ಊಟ ಬಡಿಸಿ, ಕೈಮುಗಿದು ಸಾಗಹಾಕಿದ್ದಾರೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಐದನೆಯ ಶುಕ್ರವಾರ, ಅಗಲಿದವರಿಗಾಗಿ ಹಂಬಲಿಸುವವರು ಒಣಮರದ ಬೆಣೆಯೊಂದನ್ನು ತಂದು, ಅವರ ಹೆಸರನ್ನು ಒಮ್ಮೆ ಹೇಳಿ, ಬರಿಗೈಯಿಂದ ಸೀಳಿನಲ್ಲಿಟ್ಟು ಇಳಿದುಹೋಗುವುದು ಇಂದಿಗೂ ನಡೆದುಬಂದಿದೆ. ಸುತ್ತಿಗೆ ತರಕೂಡದು. ಎಡತುದಿಯಲ್ಲಿರುವ ಬೇವಿನ ಬೆಣೆ ಈ ಪುಸ್ತಿಕೆ ಬರೆದವನು ತನ್ನ ಅಗಲಿದ ತಾಯಿಯ ಹೆಸರಿನಲ್ಲಿಟ್ಟದ್ದು. ಇಟ್ಟ ದಿನ ಅದು ಸಡಿಲವಾಗಿ ಅಲುಗುತ್ತಿತ್ತು. ಈಗ ಎಷ್ಟು ಎಳೆದರೂ ಬರುವುದಿಲ್ಲ.