ಒಂದು ಗೆರೆಯೂ ಇಲ್ಲದ ಇಳಿಜಾರು

ರಸ್ತೆಯಿಂದ ಹೊಸ ಮನೆಗೆ ಏರುವ ಇಳಿಜಾರಿಗೆ ಯಜಮಾನ ವಿರೂಪಣ್ಣ ಕಾಂಕ್ರೀಟು ಹಾಕಿಸಿ, ಕನ್ನಡಿಯಂತೆ ನುಣುಪು ಮಾಡಿಸಿದ್ದ. ಸ್ಯಾಂಪಲ್ಲಿಗೆಂದು ತಂದು ಬೇಡವೆಂದ, ನೆಲಕ್ಕೆ ಹಾಸುವ ಪೇವರ್ ಬ್ಲಾಕೊಂದು ಗೇಟಿನ ಬಳಿ ಬಿದ್ದಿತ್ತು.

“ನಿಮ್ಮಂಥ ಬ್ಲಾಕುಗಳನ್ನು ಹಾಸಿದರೆ ನೆಲದ ತುಂಬ ಸಂದು. ನನ್ನಲ್ಲಿ ಒಂದು ಗೆರೆ ತೋರಿಸು,” ಎಂದು ಕಾಂಕ್ರೀಟು ಹಂಗಿಸಿತು.

“ಏರುವವರ ಕಾಲು ನಿಲ್ಲುವುದೇ ಆ ಸಂದಿನಲ್ಲಿ,” ಎಂದಿತು ಬ್ಲಾಕು.

ಗೃಹಪ್ರವೇಶದ ಬೆಳಿಗ್ಗೆ ಇಳಿಜಾರನ್ನು ತೊಳೆದು, ಮನೆಯೊಳಗೆ ನುಗ್ಗಿಸಲು ಹಸುವನ್ನು ಕರೆತಂದರು. ಅದು ಅರ್ಧದಲ್ಲೇ ನಿಂತು, “ಗೊರಸಿಗೆ ಹಿಡಿತ ಸಿಗುತ್ತಿಲ್ಲ. ಇಳಿಸಿಬಿಡಿ,” ಎಂದು ಬೇಡಿತು.

“ಮುಹೂರ್ತ ಮೀರುತ್ತೆ, ಹಗ್ಗ ಎಳೀರೋ!” ಎಂದ ವಿರೂಪಣ್ಣ.

ಹಸು ಜಾರಿ ಬಿತ್ತು. ಮುಂಗಾಲು ಮುರಿಯಿತು.

“ದರಿದ್ರದ್ದು, ಇವತ್ತೇ ಬೀಳಬೇಕಿತ್ತಾ? ಬೇಗ ಇನ್ನೊಂದು ಹಸು ತನ್ನಿ!”

ಆಳುಗಳು ಇಳಿಜಾರನ್ನು ಮತ್ತೆ ತೊಳೆದರು.

“ನೋಡಿದೆಯಾ,” ಎಂದಿತು ಕಾಂಕ್ರೀಟು, “ಈಗಲೂ ಒಂದು ಗೆರೆಯಿಲ್ಲ.”